ನಾಲ್ಕನೇ ಬೆರಳು

ಜೆಪ್ಪುವಿನ ಬಾಡಿಗೆ ಕೋಣೆ. ಆಂಪ್ ಆಫ್.
ಕೆಳಗೆ ಅಪೊಲಿನ್ ಆಂಟಿ ಮಲಗಿದ್ದಾರೆ.
ಬೇಸ್‌ನ ತುದಿಯನ್ನು ಕಪಾಟಿಗೆ ಒತ್ತಿ ಹಿಡಿದರೆ
ಮರವೇ ಗುಂಯ್ಗುಡುತ್ತದೆ, ನನಗಷ್ಟೇ ಕೇಳುವಷ್ಟು.

ಹಗಲೆಲ್ಲ ಲ್ಯಾಬಿನಲ್ಲಿ ರಕ್ತದ ಟ್ಯೂಬು ಹಿಡಿದ ಕೈ.
ಕಿರುಬೆರಳಿನದ್ದೇ ತಕರಾರು:
ಉಳಿದ ಮೂವರು ದುಡಿಯುವಾಗ
ಇವನು ಮದುವೆಮನೆಯ ಭಾವನ ಹಾಗೆ
ಸುಮ್ಮನೆ ಗಾಳಿಯಲ್ಲಿ ನಿಂತಿರುತ್ತಾನೆ.

ಮೆಟ್ರೊನೋಮ್ ಅರ್ಧಕ್ಕಿಳಿಸು, ಎಂದಿದ್ದರು ಹಿಲರಿ ಮಾಸ್ಟ್ರು.
ಟಿಕ್ ಅಂದದ್ದು ಎರಡು. ಮತ್ತೆ ಟಿಕ್, ನಾಲ್ಕು.
ಒಂದು ಎಲ್ಲುಂಟೆಂದು ಯಾರೂ ಹೇಳುವುದಿಲ್ಲ,
ನೀನೇ ಇಟ್ಟುಕೊಳ್ಳಬೇಕು.
ಮೂವತ್ತು ವರ್ಷ ಮದುವೆ ಹಾಲುಗಳಲ್ಲಿ
ಕೇಕಿಗೂ ವಾಲ್ಟ್ಜಿಗೂ ಬಾರಿಸಿದವರು;
ಬೆರಳ ತುದಿ ಮರುವಾಯಿ ಚಿಪ್ಪು.

ಮೊನ್ನೆ ಫಳ್ನೀರಿನ ಟೆರೇಸಿನಲ್ಲಿ ನನ್ನ ಸೋಲೋ.
ಹದಿನಾರು ಬಾರ್ ಕೊಟ್ಟರು. ಕಲಿತದ್ದನ್ನೆಲ್ಲ ಸುರಿದೆ
ಮಾರ್ಕೆಟ್ ಮುಚ್ಚುವ ಹೊತ್ತಿನ ಬಂಗುಡೆ ಬುಟ್ಟಿಯಂತೆ.
ಡ್ರಮ್ಮಿನ ಹುಡುಗ ನೆಲ ನೋಡಿದ.
ಮಾಸ್ಟ್ರು ಚಾ ಆರಿಸುತ್ತ ಕೇಳಿದರು,
"ಉಸಿರು ಎಲ್ಲಿ ತೆಗೆದೆ ಮಾರಾಯ್ತಿ?
ಬಾಯಿಗೆ ಬಾರದ್ದು ಬೆರಳಿಗೂ ಬರಬಾರದು."

ಇವತ್ತು ಬೆಂಗ್ರೆಯ ದೋಣಿಯಲ್ಲಿ
ಎಂಜಿನ್ನಿನ ಸದ್ದಿನ ಮೇಲೆ ಮೆಲ್ಲಗೆ ಗುನುಗಿದೆ.
ನಾಲ್ಕು ಸ್ವರ.
ಐದನೆಯದು ಬರಲಿಲ್ಲ, ನಿಲ್ಲಿಸಿದೆ.
ಪಕ್ಕದ ಮೀನಿನ ಹೆಂಗಸು ತಿರುಗಿ
"ಮತ್ತೆ?" ಎಂಬಂತೆ ನೋಡಿದಳು.

ಈಗ ಕಪಾಟಿನ ಮುಂದೆ ಕೂತು
ಆ ನಾಲ್ಕನ್ನೇ ಹುಡುಕುತ್ತಿದ್ದೇನೆ.
ಮೂರು ಸಿಕ್ಕಿವೆ.
ಕೊನೆಯದು, ನೋಡಿ,
ಸರಿಯಾಗಿ ಭಾವ ನಿಂತ ಜಾಗದಲ್ಲೇ ಉಂಟು.