ಆರನೇ ತಂಡ

ನಾನು ರೈಟರ್.
ಕತೆ ಬರೆಯುವವನಲ್ಲ, ತೋಟದಲ್ಲಿ ಆಳುಗಳ ಹಾಜರಿ ಬರೆಯುವವನು.
ಹಾಗಾಗಿ ಲೀಗಿನ ಲೆಕ್ಕವೂ ನನ್ನ ತಲೆಗೇ ಬಂತು:
ಒಂದು ಉದ್ದ ಪುಸ್ತಕ, ಒಂದು ಬಿಸ್ಕತ್ತಿನ ಡಬ್ಬಿ,
ಡಬ್ಬಿಯೊಳಗೆ ಸದ್ಯಕ್ಕೆ ನೂರ ಎಪ್ಪತ್ತು ರೂಪಾಯಿ
ಮತ್ತೆ ರೆಫ್ರಿಯ ಇನ್ನೊಂದು ಸೀಟಿ.

ಸುಂಟಿಕೊಪ್ಪದ ಹಳೆ ಕಾಫಿ ಶೆಡ್ಡಿನೊಳಗೆ ನಮ್ಮ ಫುಟ್‌ಬಾಲು.
ಐದೈದು ಜನ. ಗೋಡೆಗೆ ತಾಗಿ ಬಂದ ಚೆಂಡೂ ಆಟದ್ದೇ,
ಮಾಡಿನ ತಗಡಿಗೆ ತಾಗಿದರೆ ಮಾತ್ರ ಎದುರಾಳಿಗೆ.
ಮಾರ್ಚಿಗೆ ಮೂಟೆಗಳೆಲ್ಲ ಲಾರಿ ಹತ್ತಿದ ಮೇಲೆ
ನೆಲ ಗುಡಿಸಿ ಸುಣ್ಣದ ಗೆರೆ ಎಳೆಯುತ್ತೇವೆ;
ಎಷ್ಟು ಗುಡಿಸಿದರೂ, ಜಾರಿ ಬಿದ್ದವನ ಮೊಣಕೈಯಲ್ಲಿ
ಕಾಫಿ ಹೊಟ್ಟು.

ಮೊದಲ ವರ್ಷ ನಾಲ್ಕು ತಂಡ. ಗೋಲು ಎಂಬತ್ತಮೂರು.
ಕರೆಂಟು ಬಿಲ್ಲು ಬಾಕಿ.
ಎರಡನೇ ವರ್ಷ ಐದನೆಯದಾಗಿ ಸಿದ್ದಾಪುರ ಬಂತು,
ಅವರ ಪ್ರವೇಶ ಶುಲ್ಕದಲ್ಲಿ ಮೊದಲ ವರ್ಷದ ಕರೆಂಟು ಕಟ್ಟಿದೆವು.
ಸಿದ್ದಾಪುರದ ಮೊಯ್ದು ಹಾಜಿಗೆ ಅದು ಗೊತ್ತಿಲ್ಲ.
ಈಗ ಗೊತ್ತಾಗಲಿ.

ಈ ವರ್ಷ ಕುಟ್ಟದವರು ಕೇಳಿದರು.
ತಂಗವೇಲುವಿನ ಸೆಲೂನಿನಲ್ಲಿ ಸಭೆ.
"ಎಂಬತ್ತು ಕಿಲೋಮೀಟರು, ನಡುವೆ ಆನೆ," ಅಂದ ಅಚ್ಚಯ್ಯ.
"ಬರುವ ಸ್ಪಾನ್ಸರನ್ನು ಆರು ಪಾಲು ಮಾಡಿದರೆ
ನಮಗೆ ಉಳಿಯೋದು ಸಾಕ್ಸು."
ಎಲ್ಲರೂ ನನ್ನ ಮುಖ ನೋಡಿದರು.
ನಾನು ಪುಸ್ತಕ ಓದಲಿಲ್ಲ, ಬಿಡಿಸಿ ಹಿಡಿದೆ, ಅಷ್ಟೇ.
ಶೆಡ್ಡಿನ ಬಾಡಿಗೆ, ಎರಡು ತಿಂಗಳದ್ದು.
ಬಲೆ. ಬಲ್ಬು. ಬಿಪುಲನ ಹಲ್ಲು.
ಬಿಪುಲ ಅಸ್ಸಾಮಿನವನು, ಲೈನ್ ಮನೆಯವನು,
ಅವನು ಗೋಲು ಕಾಯುವುದನ್ನು ನೋಡಲೆಂದೇ ಟಿಕೆಟು ಕೊಳ್ಳುವವರಿದ್ದಾರೆ;
ಹಲ್ಲಿನ ದುಡ್ಡು ಇನ್ನೂ ಡಾಕ್ಟರಿಗೆ ಹೋಗಿಲ್ಲ.
ಕ್ಷೌರದ ಕುರ್ಚಿಯಲ್ಲಿ ಕೂತಿದ್ದ ಅಚ್ಚಯ್ಯ
ಒಂದು ಸುತ್ತು ತಿರುಗಿ ಬಂದು, "ಸೇರಿಸಿ" ಅಂದ.

ಕುಟ್ಟದ ತಂಡದ ಮಾಲೀಕರು ದೇಚವ್ವ,
ಬಸ್ ಸ್ಟ್ಯಾಂಡಿನ ಹತ್ತಿರ ಪಂದಿ ಕರಿಯ ಕ್ಯಾಂಟೀನು.
ಇಪ್ಪತ್ತೈದು ಸಾವಿರದ ಶುಲ್ಕಕ್ಕೆ ಅವರು ತಂದದ್ದು
ಹತ್ತು ಸಾವಿರ ನಗದು, ಒಂದು ಚೀಲ ಕರಿಮೆಣಸು.
"ದರ ಏರ್ತದೆ. ಜೂನ್ ತನಕ ಇಟ್ಕೊಳ್ಳಿ."
ಜಮಾ ಕಾಲಮ್ಮಿನಲ್ಲಿ ಜೀವನದಲ್ಲಿ ಮೊದಲ ಸಲ
ಮೆಣಸು ಅಂತ ಬರೆದೆ.

ಆಮೇಲೆ ಅವರು ಪುಸ್ತಕ ಕೇಳಿದರು.
ಕನ್ನಡಕವಿಲ್ಲದೆ ದೂರ ಹಿಡಿದು, ಬೆರಳಿಟ್ಟು ಓದಿದರು.
"ಅಂದರೆ ನನ್ನ ಮೆಣಸು, ಹೋದ ವರ್ಷದ ಬೆಳಕಿಗೆ."
"ಹೌದು."
"ಮುಂದಿನ ವರ್ಷ ಯಾರಿಗೆ ಗಾಳ?"
"ಶನಿವಾರಸಂತೆಯವರು ಮಾತಾಡಿಸಿದ್ದಾರೆ."
ನಕ್ಕರು. ಅವರ ಕ್ಯಾಂಟೀನೂ ಹೀಗೇ ಅಂತೆ,
ಇವತ್ತಿನ ಗಿರಾಕಿಯ ದುಡ್ಡಲ್ಲಿ ಮೊನ್ನೆಯ ಹಂದಿ.
"ಆದ್ರೆ ರೈಟರೇ, ಒಂದು ದಿನ ಊರುಗಳು ಮುಗೀತಾವೆ."

ಆ ರಾತ್ರಿ ಹಾಜರಿ ಹಾಳೆಯ ಹಿಂದೆ ಊರುಗಳ ಪಟ್ಟಿ ಮಾಡಿದೆ:
ನಾಪೋಕ್ಲು, ಪೊನ್ನಂಪೇಟೆ, ಪಾಲಿಬೆಟ್ಟ, ಮಾದಾಪುರ.
ಒಂದೊಂದಕ್ಕೂ ಇಪ್ಪತ್ತೈದು ಸಾವಿರ.
ಗಡಿ ದಾಟಿ ಮಾನಂದವಾಡಿಗೂ ಹೋದೆ.
ಬಾಕಿಯೂ ನನ್ನ ಹಿಂದೆಯೇ
ಚೆಕ್‌ಪೋಸ್ಟು ದಾಟಿತು.

ಮೊದಲ ಪಂದ್ಯದಲ್ಲಿ ಕುಟ್ಟ ಸೋತದ್ದು ಒಂಬತ್ತು ಒಂದು.
ಆ ಒಂದು, ಬೊಳಕ ಎಂಬ ಹುಡುಗನದು:
ಎಡಗೋಡೆಗೆ ಹೊಡೆದು, ತನಗೆ ತಾನೇ ಪಾಸು ಕೊಟ್ಟುಕೊಂಡು,
ಬಿಪುಲನ ಕಾಲ ಸಂದಿಯಲ್ಲಿ.
ಶೆಡ್ಡು ಒಂದು ಕ್ಷಣ ಸುಮ್ಮನಾಯಿತು. ಬಿಪುಲನೇ ಮೊದಲು ನಕ್ಕ,
ಹಲ್ಲಿಲ್ಲದ ಜಾಗ ಕಾಣುವಂತೆ.

ಗೇಟಿನ ದುಡ್ಡು ಮೂರು ಸಾವಿರದ ಇನ್ನೂರು,
ಅದರಲ್ಲೊಂದು ನೂರು ಹರಿದದ್ದು.
ಜೀಪು ಹೊರಡುವಾಗ ಡೀಸೆಲಿಗೆಂದು ಐನೂರು ಕೊಟ್ಟೆ.
"ಲೀಗಿನದಾ?" ದೇಚವ್ವ ಕೇಳಿದರು.
"ಲೀಗಿನದೇ."
ಯಾವ ಜೇಬಿನಿಂದ ತೆಗೆದೆ ಎಂದು ನೋಡಿದ್ದರು,
ನೋಡಿಯೂ ತೆಗೆದುಕೊಂಡರು.

ಮೆಣಸಿನ ಚೀಲ ನನ್ನ ಮಂಚದ ಕೆಳಗಿದೆ.
ದರ ಇವತ್ತು ಎಂಟು ರೂಪಾಯಿ ಇಳಿಯಿತು.
ಸೀನುತ್ತ ಮಲಗುತ್ತೇನೆ.