ಹೊಳೆ ನೀರಿಗೆ ಅಪ್ಪಣೆ

ಅರವತ್ತಾರು ಬಾಗಿಲು. ನನ್ನ ಪಾಲಿಗೆ ಹನ್ನೊಂದು.
ಕೈಯಲ್ಲಿ ದೊಣ್ಣೆಯಿಲ್ಲ, ಗ್ರೀಸಿನ ಡಬ್ಬಿ;
ಕಿವಿಯ ಮೇಲೊಂದು ಮೋಟು ಪೆನ್ಸಿಲ್ಲು.
ಹೊಳೆ ನೀರಿಗೆ ದೊಣ್ಣೆನಾಯಕನ ಅಪ್ಪಣೆಯೇ
ಅಂತ ನಗುತ್ತಿದ್ದ ಅಜ್ಜ, ದೋಣಿಯಲ್ಲೇ ಹುಟ್ಟಿ
ದೋಣಿಯಲ್ಲೇ ಹಲ್ಲುದುರಿಸಿಕೊಂಡವನು.
ಈಗ ಸಕ್ಕರ್‌ನಲ್ಲಿ ಸಿಂಧುವಿಗೂ ಅಪ್ಪಣೆ ಬೇಕು.
ಕೊಡುವವನು ಅವನ ಮೊಮ್ಮಗ, ಸೋಭಾರೋ,
ಅದೂ ಮೇಲಿನವರ ಫೋನು ಬಂದ ಮೇಲೆ.

ಒಂದಡಿ ಎತ್ತು ಅಂದರೆ ಒಂದಡಿ.
ಸರಪಳಿ ಮುಲುಗುತ್ತದೆ, ಕಬ್ಬಿಣದ ಹಲಗೆ ಏಳುತ್ತದೆ,
ಕೆಳಗೆ ನೀರು ಹೊಗೆಯಾಗಿ ಸಿಡಿದು
ನನ್ನ ಹೊಟ್ಟೆಯೊಳಗೂ ಒಂದಿಷ್ಟು ನಡುಕ.
ಗೋಧಿಗೆ, ಹತ್ತಿಗೆ, ಖರ್ಜೂರದ ಬುಡಕ್ಕೆ
ಏಳು ಕಾಲುವೆ ಹಿಡಿದು ಹೊರಡುವ ನೀರು
ನನ್ನ ರಿಜಿಸ್ಟರಿನ ಗೆರೆ ದಾಟಿಯೇ ಹೋಗಬೇಕು,
ಇಷ್ಟು ಕ್ಯೂಸೆಕ್, ಇಂತಿಷ್ಟು ಗಂಟೆಗೆ.

ಕಾಲುವೆಯ ಬಾಲದವರು ಟ್ರ್ಯಾಕ್ಟರು ಹತ್ತಿ ಬರುತ್ತಾರೆ:
"ಎಲ್ಲಯ್ಯಾ ನೀರು?"
ಜೇಬಲ್ಲಿಟ್ಟುಕೊಂಡು ಕೂತಿದ್ದೇನೋ ಎಂಬಂತೆ.
ಕಡಲಂಚಿನ ಕೇಟಿ ಬಂದರಿನಿಂದ ತಂಗಿ ಸಭಾಗಿ
ಏನೂ ಕೇಳುವುದಿಲ್ಲ.
"ಚಹಾ ಮಾಡಿದೆ ಅಣ್ಣಾ, ಉಪ್ಪುಪ್ಪು" ಅನ್ನುತ್ತಾಳೆ.
ಅಷ್ಟೆ. ಆಮೇಲೆ ಮಕ್ಕಳ ಮಾತು.

ಜನವರಿಯಲ್ಲಿ ಕಾಲುವೆ ಬಂದ್, ಹೂಳೆತ್ತುವ ಕಾಲ.
ಬಾಗಿಲಿಳಿಸಿದ ಮೂರನೇ ದಿನ
ಮೊಣಕಾಲುದ್ದದ ಕೆಸರುನೀರಲ್ಲಿ ಸಿಕ್ಕಿಬಿದ್ದಿತ್ತು ಕುರುಡು ಡಾಲ್ಫಿನ್ನು.
ಮಗ್ಗುಲಾಗಿ ಈಜುತ್ತ, ಈಜುರೆಕ್ಕೆಯಿಂದ ತಳ ತಡವುತ್ತ
ಅಳತೆಗೋಲಿಲ್ಲದೆ ಆಳ ಅಳೆಯುತ್ತಿತ್ತು.
ತೆರೆದಿದ್ದ ಬಾಗಿಲಿನಿಂದ ಒಳಗೆ ಬಂದದ್ದು.
ತೆರೆದವನು ನಾನೇ.

ಆರು ಜನ, ಒಂದು ಬಲೆ, ಒಂದು ಒದ್ದೆ ರಜಾಯಿ.
ಗಾಡಿಯಲ್ಲಿ ಇಪ್ಪತ್ತು ನಿಮಿಷದ ದಾರಿ.
ನೆತ್ತಿಯ ಮೇಲಿನ ಉಸಿರಿನ ತೂತು ಬಿಟ್ಟು
ಮೈಗೆಲ್ಲ ಚೊಂಬಿನಿಂದ ಹುಯ್ಯುತ್ತ ಹೋದೆ.
ಎಷ್ಟು ಚೊಂಬೋ, ಎಣಿಸಲಿಲ್ಲ.
ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ
ಅಳೆಯದೆ ಕೊಟ್ಟ ನೀರು ಅದೊಂದೇ.

ಬ್ಯಾರೇಜಿನ ಮೇಲುಗಡೆ ಹೊಳೆಗೆ ಬಿಟ್ಟೆವು.
ಒಂದು ಸಲ ಮುಳುಗಿತು, ಎದ್ದು ಉಸ್ಸೆಂದಿತು,
ತಿರುಗಿದ್ದು ಮಾತ್ರ ಮತ್ತೆ ಕಾಲುವೆಯ ಬಾಯಿಗೇ.
ಆಗ ಹುಡುಕಿದೆ ನೋಡಿ ಒಂದು ದೊಣ್ಣೆ!
ಸಿಕ್ಕಿದ್ದು ದೋಣಿಯವರ ಬಿದಿರ ಗಳ.
ಬಾಗಿ, ನೀರೊಳಗಿನ ಕಬ್ಬಿಣಕ್ಕೆ ಬಡಿದೆ, ಬಡಿದೆ,
ಕಣ್ಣಿಲ್ಲದ್ದಕ್ಕೆ ಕೇಳಲಿ ಅಂತ:
ಮುಚ್ಚಿದೆ, ತಾಯೀ, ಇಲ್ಲಿ ಮುಚ್ಚಿದೆ.

ಸಂಜೆಯ ಗೇಜು ಬರೆಯಲು ಹೊತ್ತಾಗಿತ್ತು.