ಒಂಚೂರು ಎಡಕ್ಕೆ

ಬಾ, ಕೂರು. ಆ ಕುರ್ಚಿ ಬೇಡ, ಕಾಲು ಸಡಿಲ.
ಲ್ಯಾಪ್‌ಟಾಪು ಮೇಜಿನ ಮೇಲಿಡು, ಕರೆಂಟು ಇರುವಷ್ಟು ಹೊತ್ತು ತೋರಿಸು.
ಹವಾನಾದಲ್ಲಿ ಕರೆಂಟು ಅಳಿಯನ ಹಾಗೆ,
ಬಂದಾಗ ಉಪಚಾರ, ಹೋದಾಗ ಕೇಳುವಂತಿಲ್ಲ.

ಓಹೋ, ಈಜುಗಾತಿ. ಹಳದಿ ನೀರು, ಕಪ್ಪು ತೋಳು, ಕೆಂಪು ಟೋಪಿ.
ಕಾಗದಕ್ಕೆ ಹಳಸಲು ಕಂದು, ಅಲ್ಲಲ್ಲಿ ತೂತು ತೂತು ಮಸಿ.
ಅರವತ್ತೆಂಟರಲ್ಲಿ ಕೈಯಲ್ಲಿ ಅಚ್ಚಾದಂತೆ ಕಾಣಬೇಕು, ಅಂತೀಯ.
ಅರವತ್ತೆಂಟರಲ್ಲಿ, ಮಗು,
ಯಂತ್ರದಲ್ಲಿ ಅಚ್ಚಾದಂತೆ ಕಾಣಲಿ ಅಂತ ನಾವು ಒದ್ದಾಡಿದ್ದೆವು.

ಚಿತ್ರ ಬರೆಯುವವನು ಒಂಬತ್ತು ಬಣ್ಣದ ನಕ್ಷೆ ತಂದು ಹರವಿದ.
ನಾನು ಡಬ್ಬಿಗಳ ಮುಚ್ಚಳ ತೆಗೆದು ತೋರಿಸಿದೆ:
ಕಪ್ಪು. ಹಳದಿ. ತಳದಲ್ಲಿ ಒಂದಿಷ್ಟು ಕೆಂಪು.
ನೀಲಿ ಹಡಗಿನಲ್ಲಿದೆ, ಹಡಗು ಎಲ್ಲಿದೆಯೋ.
ಒಂದು ಸಿಗರೇಟು ಮುಗಿಯುವವರೆಗೆ ಅವನು ಸುಮ್ಮನಿದ್ದ.
ಆಮೇಲೆ ಸಮುದ್ರವನ್ನು ಹಳದಿ ಮಾಡಿದ.
ಈಗ ನೀವದನ್ನು ಶೈಲಿ ಅನ್ನುತ್ತೀರಿ.

ಕೊರೆಯುವುದು ನನ್ನ ಪಾಲು. ಬ್ಲೇಡಿನ ತುದಿಯಲ್ಲಿ ಉಸಿರು ಹಿಡಿದು
ಬಣ್ಣ ಬೇಕಾದಲ್ಲಿ ತೆಗೆಯಬೇಕು, ಬೇಡವಾದಲ್ಲಿ ಉಳಿಸಬೇಕು.
ರೇಷ್ಮೆ ಸಿಗದ ವರ್ಷ ಚೌಕಟ್ಟಿಗೆ ಬಿಗಿದದ್ದು
ಮೇಲಿನ ಮನೆ ಕ್ಲೊತಿಲ್ದೆಯ ಕಿಟಕಿ ಪರದೆ.
ಗಾಳಿಗೆ ಹಾರಿರಬೇಕು ಅಂದಿದ್ದೆವು.
ಆ ಪೋಸ್ಟರು ಅವಳ ಬಾಗಿಲ ಎದುರಿಗೇ ಅಂಟಿತ್ತು, ಪಾಪ.

ಎಳೆಯುವುದು ಎಲಿಬೆರ್ತೊ. ರಬ್ಬರಿನ ಪಟ್ಟಿ ಎರಡೂ ಕೈಯಲ್ಲಿ ಹಿಡಿದು
ಆ ತುದಿಯಿಂದ ತನ್ನ ಎದೆಯವರೆಗೆ ಒಂದೇ ಬೀಸು.
ಇನ್ನೂರು ಹಾಳೆ, ಮೂರು ಬಣ್ಣ, ಆರುನೂರು ಬೀಸು.
ತಂತಿಯ ಮೇಲೆ ಹಾಳೆಗಳು ಒಣಗುವಾಗ
ಎಲ್ಲರೂ ತಲೆ ಬಗ್ಗಿಸಿ ಓಡಾಡಬೇಕು. ಅವನು ಎತ್ತರ.
ನನ್ನನ್ನು ಮದುವೆಗೆ ಕೇಳಿದ್ದೂ
ಕೂದಲಿಗೆ ಸಮುದ್ರ ಮೆತ್ತಿಕೊಂಡೇ.

ನೂರ ನಲವತ್ತನೆಯ ಹಾಳೆಗೆ ಕೆಂಪು ಮುಗಿಯಿತು.
ಡಬ್ಬಿ ತೊಳೆದ ಸೀಮೆಎಣ್ಣೆಗೆ ಕಪ್ಪು ಬೆರೆಸಿದೆವು,
ಉಳಿದ ಅರವತ್ತರಲ್ಲಿ ಅವಳ ಟೋಪಿ ಕಂದು.
ಆ ಅರವತ್ತಕ್ಕೇ ಈಗ ಹೆಚ್ಚು ಬೆಲೆಯಂತೆ.
ನಗಬೇಡ. ಸರಿ, ನಗು.

ಇರು. ಈ ತೋಳಿನ ಹತ್ತಿರ ದೊಡ್ಡದು ಮಾಡು.
ಕಪ್ಪು ಹಳದಿಯ ಮೇಲೆ ಸರಿಯಾಗಿ ಕೂತಿಲ್ಲ, ಕೂದಲೆಳೆಯಷ್ಟು ಜಾರಿದೆ.
ಬೇಕಂತಲೇ, ಅಂತೀಯ.
ಗೋಡೆಯ ಮೇಲಿನ ಹಳೆಯ ಹಾಳೆಗೆ ಅಳತೆ ಹಿಡಿದು
ಪ್ರತಿ ಬಣ್ಣವನ್ನೂ ಅಷ್ಟಷ್ಟೇ ಸರಿಸಿದೆ, ಅಂತೀಯ.
ಅದಕ್ಕೆ ನಾವು ಬೈಸಿಕೊಂಡಿದ್ದೇವೆ, ಗೊತ್ತಾ?
ಮೇಲ್ವಿಚಾರಕ ಭೂತಗನ್ನಡಿ ಹಿಡಿದೇ ಒಳಗೆ ಬರುತ್ತಿದ್ದ.
ಜಾರಿದ ಹಾಳೆಗಳನ್ನು ನಾನು ಕಟ್ಟಿನ ಅಡಿಗೆ ತಳ್ಳುತ್ತಿದ್ದೆ.

ಕಬ್ಬು ಕಡಿಯಲು ಹೋದ ವರ್ಷ
ಎಲಿಬೆರ್ತೊನ ಬಲ ಭುಜ ಮುರಿದು, ಸೊಟ್ಟಗೆ ಕೂಡಿತ್ತು.
ಎಳೆಯುವಾಗ ಎಡಗೈ ಮುಂದಾಗುತ್ತಿತ್ತು, ಚೌಕಟ್ಟು ಅದರ ಹಿಂದೆ.
ಬೇರೆಯವರದು ಎಲ್ಲೆಂದರಲ್ಲಿ ಜಾರೀತು.
ಅವನದು ಎಡಕ್ಕೇ. ಯಾವಾಗಲೂ.
ಇನ್ನೂರರ ಕಟ್ಟಿನಲ್ಲಿ ಅವನ ಹಾಳೆ ಯಾವುದು ಅಂತ
ಬೆರಳು ಮಡಚದೆ ಹೇಳುತ್ತಿದ್ದೆ.

ಅವನು ಹೋಗಿ ಹನ್ನೊಂದು ವರ್ಷ. ನೀನು ಕಂಡವನಲ್ಲ.
ನಿನ್ನ ಈ ಗಾಜಿನೊಳಗೆ ಆ ಭುಜ ಹೇಗೆ ಬಂತು?

ಇಲ್ಲ, ಇಲ್ಲ, ಸರಿಮಾಡಬೇಡ.
ಹಳದಿ ಚೆನ್ನಾಗಿದೆ. ಆ ತೂತು ತೂತು ಮಸಿ ಸುಳ್ಳು, ತೆಗೆ,
ಹಾಗೆ ತೂತು ಬಿಡುವ ಕೈ ನನ್ನದಲ್ಲ.
ತೋಳು ಮಾತ್ರ,
ಕರೆಂಟು ಹೋಗುವ ಮುಂಚೆ,
ಇನ್ನೂ ಒಂಚೂರು ಎಡಕ್ಕೆ.